ಯಂಕಮ್ಮಕ್ಕ ಸುಧಾರಿಸದ ಮೂವತ್ತೊಂದು ಗುರುವಾರ

ಯಂಕಮ್ಮಕ್ಕ, ನಿನ್ನ ಮೈನಡುಕ ಯಾಕೆ ನಿಲ್ಲಲಿಲ್ಲ ಎಂಬುದು ನನಗೆ ಗೊತ್ತಿತ್ತು. ಮೂವತ್ತೊಂದು ಗುರುವಾರ ನಿನ್ನ ಎದುರಿಗೇ ಕುಳಿತು, ನಿನ್ನ ನಿದ್ದೆಯ ಲೆಕ್ಕ ಬರೆದುಕೊಳ್ಳುತ್ತ, ಗೊತ್ತಿಲ್ಲದವಳಂತೆ ಇದ್ದೆ. ಅಂದು ಟ್ರಾಲಿ ಕಾಲುವೆಗೆ ಬಿದ್ದದ್ದು ನೀನು ಆಡಿದ ಮಾತಿನಿಂದಲ್ಲ. ನಮ್ಮ ಅಣ್ಣ ಶರಣಪ್ಪ ಹಾಕಿದ್ದ ಒಂದು ಕಬ್ಬಿಣದ ಸರಳಿನ ತುಂಡಿನಿಂದ. ಅವನು ಅದನ್ನು ಹಾಕುವಾಗ ನಾನು ಬಾಗಿಲಲ್ಲಿ ನಿಂತು ನೋಡಿದ್ದೆ.

ಇಷ್ಟನ್ನು ಬರೆಯಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಬರೆದಿಡುವುದು ನನ್ನ ಚಿಕ್ಕಂದಿನ ಚಟ. ತುರ್ವಿಹಾಳಕ್ಕೆ ಸಿಂಧನೂರಿನ ಬಸ್ಸು ಎಷ್ಟು ಹೊತ್ತಿಗೆ ಬಂತು, ಕಾಲುವೆಗೆ ಯಾವತ್ತು ನೀರು ಬಿಟ್ಟರು, ಎಮ್ಮೆ ಎಷ್ಟು ಹಾಲು ಕೊಟ್ಟಿತು — ಎಲ್ಲ ನನ್ನ ದಿನಚರಿಯಲ್ಲಿ ಇರುತ್ತಿದ್ದವು. ಆ ದಿನದ ಪುಟದಲ್ಲೂ ಬೆಳಿಗ್ಗೆಯ ಒಂದು ಸಾಲು ಇತ್ತು: ‘ಟ್ರಾಲಿಯ ಪಿನ್ನು ಸಿಗಲಿಲ್ಲ. ಅಣ್ಣ ಸರಳು ಬಗ್ಗಿಸಿ ಹಾಕಿದ.’ ಅದರ ಕೆಳಗೆ, ಸಂಜೆ ಬರೆದದ್ದು: ‘ದೇವಮ್ಮ ಹೋದಳು.’ ಎರಡು ಸಾಲುಗಳ ನಡುವೆ ಒಂದು ಬೆರಳಿನಷ್ಟು ಜಾಗ.

ನಮ್ಮ ಕಡೆ ಇದು ಹೊಸದಲ್ಲ. ಟ್ರ್ಯಾಕ್ಟರಿಗೆ ಟ್ರಾಲಿ ಜೋಡಿಸುವ ಪಿನ್ನು ಕಳೆದರೆ, ನಾಟಿಯ ಅವಸರದಲ್ಲಿ ಸಿಂಧನೂರಿಗೆ ಹೋಗಿ ತರುವವರು ಯಾರು? ಕೈಗೆ ಸಿಕ್ಕ ಸರಳನ್ನು ಮೇಲ್ತುದಿ ಬಗ್ಗಿಸಿ ಇಳಿಬಿಡುತ್ತಾರೆ. ಕೆಳಗೆ ಅದು ಜಿಗಿಯದಂತೆ ತಡೆಯುವ ಕೀಲು ಇರುವುದಿಲ್ಲ. ‘ಇವತ್ತೊಂದಿನ ನಡೀತೈತಿ’ ಎಂದ ಅಣ್ಣ. ನಾನೂ ಬೇಡ ಎನ್ನಲಿಲ್ಲ. ಬರೆದುಕೊಂಡೆ, ಅಷ್ಟೆ.

ನೆಲ್ಲು ಹಚ್ಚಿ ಊರಿಗೆ ಹೊರಳುವಾಗ ನೀನು ಟ್ರಾಲಿಯ ಮುಂದುಗಡೆಯೇ ಕುಳಿತಿದ್ದೆ. ಮನೆಯಲ್ಲಿ ಕೂಸು, ಎದೆ ಬಿಗಿದು ಹಾಲು ಸೋರುತ್ತಿತ್ತು ಎಂದು ಆಮೇಲೆ ನೀನೇ ಹೇಳಿದೆ. ಪಕ್ಕದಲ್ಲಿ ನಿನ್ನ ನಾದಿನಿ ದೇವಮ್ಮ — ಹದಿನೇಳು ವರ್ಷದ ಹುಡುಗಿ, ನಾಟಿಗೆ ಬಂದದ್ದು ಅದೇ ಮೊದಲು, ಕರೆತಂದವಳು ನೀನೇ. ‘ಲಗೂ ಹೊಡೀಲೇ ಶರಣ್ಯಾ, ಟ್ಯಾಕ್ಟರ್ ಹೊಡ್ಯಾಕತ್ತೀಯೋ ಎಮ್ಮಿ ಮೇಸಾಕತ್ತೀಯೋ?’ ಎಂದೆ. ಹೆಂಗಸರೆಲ್ಲ ನಕ್ಕರು. ಕಾಲುವೆಯ ಸೇತುವೆಗೆ ಏರುವ ದಿಬ್ಬದಲ್ಲಿ ಗಾಲಿ ಒಮ್ಮೆ ಕುಣಿಯಿತು, ಸರಳು ಜಿಗಿಯಿತು, ಟ್ರಾಲಿ ಹಿಂದಕ್ಕೆ ಸರಿದು ಏರಿಯಿಂದ ಕಾಲುವೆಗೆ ಉರುಳಿತು. ಆಗ ಅಣ್ಣ ಮೊದಲನೇ ಗೇರಿನಲ್ಲಿದ್ದ. ನಿನ್ನ ಮಾತಿಗೆ ಅವನು ಜೋರು ಹೊಡೆದಿರಲೇ ಇಲ್ಲ — ಇದನ್ನು ಅವನೇ ಆ ಸಂಜೆ ಅವ್ವನ ಮುಂದೆ ಅಳುತ್ತ ಹೇಳಿದ.

ಆದರೆ ಮರುದಿನ ಹಿರಿಯರ ಮುಂದೆ ಬೇರೆ ಹೇಳಿದ. ‘ಯಂಕಮ್ಮ ಲಗೂ ಹೊಡಿ, ಲಗೂ ಹೊಡಿ ಅಂತ ಬೆನ್ನು ಹತ್ತಿದ್ಲು. ಜೋರು ಹೊಡೆದೆ. ಪಿನ್ನು ಮುರೀತು.’ ನಿನ್ನ ಅತ್ತೆ, ಮಗಳನ್ನು ಕಳೆದುಕೊಂಡವಳು, ನಿನ್ನ ಕಡೆ ತಿರುಗಿದಳು. ‘ನೀ ಹಂಗ ಅಂದಿದ್ದೇನು?’ ನೀನು ತಲೆ ತಗ್ಗಿಸಿ, ‘ಹೌದತ್ತಿ, ನಾನ ಅಂದಿದ್ದೆ’ ಎಂದೆ. ಅಷ್ಟಕ್ಕೇ ಮುಗಿಯಿತು. ಸರಳು ಕಾಲುವೆಯ ಕೆಸರಿನಲ್ಲಿತ್ತು. ನಾನು ಮನೆಗೆ ಹೋಗಿ ದಿನಚರಿಯ ಆ ಪುಟ ಹರಿದು ಒಲೆಗೆ ಹಾಕಿದೆ. ಅಣ್ಣನ ಮದುವೆ ನಿಶ್ಚಯವಾಗಿ ಹದಿನಾಲ್ಕು ದಿನವಾಗಿತ್ತು.

ಆಮೇಲಿನದು ನಿನಗೂ ಗೊತ್ತು, ಆದರೆ ನನ್ನ ಕಡೆಯಿಂದ ಗೊತ್ತಿಲ್ಲ.

ಲಿಂಗಸುಗೂರಿನಿಂದ ಪ್ರತಿ ಗುರುವಾರ ಒಬ್ಬ ಮನೋವೈದ್ಯರು ಸಿಂಧನೂರಿಗೆ ಬರುತ್ತಿದ್ದರು. ನನ್ನ ಕೈಬರಹ ನೋಡಿ, ರೋಗಿಗಳ ವಿವರ ಬರೆಯಲು ನನ್ನನ್ನು ಇಟ್ಟುಕೊಂಡಿದ್ದರು. ನಿದ್ದೆಯಿಲ್ಲದೆ, ನೀರಿನ ಸದ್ದಿಗೆ ಬೆಚ್ಚಿ ಬೀಳುತ್ತಿದ್ದ ನಿಮ್ಮನ್ನು, ನಿನ್ನನ್ನೂ ಅಂದು ಅದೇ ಟ್ರಾಲಿಯಲ್ಲಿದ್ದ ಹುಲಿಗೆಮ್ಮನನ್ನೂ, ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ. ಒಳ್ಳೆಯದಾಗಲಿ ಎಂದೇ ಕರೆದೊಯ್ದೆ ಎಂದು ಬರೆಯಹೊರಟೆ. ಬೇಡ. ಅದು ನಿಜವಿರಬಹುದು, ಆದರೂ ಬೇಡ.

ಡಾಕ್ಟರ ಪದ್ಧತಿ ಸರಳವಾಗಿತ್ತು. ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳಬೇಕು, ವಾರವಾರವೂ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ನೀರಿನ ಹತ್ತಿರ ಹೋಗಬೇಕು. ನಾನು ಬರೆಯುತ್ತಿದ್ದೆ: ಎಷ್ಟು ರಾತ್ರಿ ನಿದ್ದೆ, ಎಷ್ಟು ಸಲ ಬೆಚ್ಚಿದ್ದು, ಕಾಲುವೆಯ ಕಡೆ ಎಷ್ಟು ಹೆಜ್ಜೆ. ಏಳನೇ ಗುರುವಾರ ಹುಲಿಗೆಮ್ಮ ಸೇತುವೆ ದಾಟಿ ಬಂದಳು. ‘ಡಾಕ್ಟರ್ ಸಾಬ್ರ, ನನಗ ನಿದ್ದಿ ಬಂತ್ರಿ. ಈಗ ನನ್ನ ಗಂಡಗ ಬರವಲ್ದು, ನನ್ನ ಗೊರಕಿ ಕೇಳಿ’ ಎಂದಳು. ನೀನೂ ನಕ್ಕೆ. ಆ ವಾರ ನಿನ್ನ ಲೆಕ್ಕ: ನಿದ್ದೆ ಎರಡು ರಾತ್ರಿ, ಹೆಜ್ಜೆ ಸೊನ್ನೆ.

ಡಾಕ್ಟರಿಗೆ ಇದು ಬಗೆಹರಿಯಲಿಲ್ಲ. ಒಬ್ಬರು ಬೇಗ ಸುಧಾರಿಸುತ್ತಾರೆ, ಇನ್ನೊಬ್ಬರು ಯಾಕಿಲ್ಲ? ಕಾಲಂ ಹಾಕಿ ಬರೆಯಿರಿ ಎಂದರು. ಹಾಕಿದೆ. ವಯಸ್ಸು. ಹಿಂದೆ ಇಂಥ ಆಘಾತ ಆಗಿತ್ತೇ. ಮನೆಯಲ್ಲಿ ಕೇಳಿಸಿಕೊಳ್ಳುವವರು ಇದ್ದಾರೆಯೇ. ಎಷ್ಟು ವಾರ ತಪ್ಪಿಸಿದರು. ಯಂಕಮ್ಮಕ್ಕ, ಒಂದೊಂದು ಕಾಲಂನಲ್ಲೂ ನೀನೇ ಮುಂದಿದ್ದೆ. ಒಂದು ವಾರವೂ ತಪ್ಪಿಸಿರಲಿಲ್ಲ. ನಿನ್ನ ಗಂಡ ಬಸ್ ಸ್ಟ್ಯಾಂಡಿನವರೆಗೆ ಕೂಸನ್ನು ಎತ್ತಿಕೊಂಡು ಬರುತ್ತಿದ್ದ. ಹುಲಿಗೆಮ್ಮ ಕಥೆಯನ್ನು ಅರ್ಧಕ್ಕೆ ಬಿಟ್ಟು ಬೇರೆ ಸುದ್ದಿ ಹಚ್ಚುತ್ತಿದ್ದಳು. ನೀನು ಕೊನೆಯವರೆಗೂ ಹೇಳುತ್ತಿದ್ದೆ. ಮೊದಲು ಸುಧಾರಿಸಬೇಕಾದವಳು ನೀನು.

ಹಾಳೆ ನೋಡಿ ಡಾಕ್ಟರು ಹೇಳಿದರು, ‘ಒಂದು ಕಾಲಂ ಬಿಟ್ಟೀರಿ. ತಪ್ಪು ತನ್ನದು ಅಂತ ಅಂದ್ಕೊಂಡಾರೇನು, ಅದು. ಹಂಗ ಅಂದ್ಕೊಂಡವರು ಎಷ್ಟು ಸಲ ಹೇಳಿದ್ರೂ ಅಷ್ಟು ಸಲ ತಮ್ಮನ್ನ ತಾವು ಶಿಕ್ಷಿಸಿಕೊಳ್ತಾರ. ಹಗುರ ಆಗೋದಿಲ್ಲ.’ ಹುಲಿಗೆಮ್ಮನ ಮುಂದೆ ‘ಇಲ್ಲ’ ಎಂದು ಬರೆದೆ. ನಿನ್ನ ಮುಂದೆ ‘ಹೌದು’.

ಆಗ ಅವರು ಪೆನ್ನು ಕೆಳಗಿಟ್ಟು ಕೇಳಿದರು, ‘ನೀವೂ ಅದ ಊರಿನವರು. ಖರೇನ ಆಕಿ ಮಾತಿಗೆ ಟ್ರಾಲಿ ಬಿತ್ತೇನು? ಬ್ಯಾರೆ ಏನರ ಗೊತ್ತಿದ್ರ ಹೇಳ್ರಿ. ಆಕಿಗೆ ಅದ ಔಷಧ.’

‘ಇಲ್ರೀ ಸರ್. ನನಗೇನೂ ಗೊತ್ತಿಲ್ಲ.’

ಈ ಮಾತು ಆಡಿದ್ದು ಹದಿನಾರನೇ ಗುರುವಾರ. ಟ್ರ್ಯಾಕ್ಟರ್ ಓಡಿಸಿದವನು ನನ್ನ ಅಣ್ಣ ಎಂಬುದನ್ನೂ ಅವರಿಗೆ ಹೇಳಲಿಲ್ಲ. ಅಷ್ಟು ಹೊತ್ತಿಗೆ ಅಣ್ಣನ ಮದುವೆ ಮುಗಿದಿತ್ತು. ಅಂದರೆ, ಮದುವೆಯೊಂದು ಆಗಲಿ ಎಂದು ನಾನು ಕಾಯುತ್ತಿದ್ದ ನೆಪವೂ ಮುಗಿದಿತ್ತು — ಆದರೂ...

ಅಂದು ಊರಿಗೆ ಹೊರಳುವ ಬಸ್ಸಿನಲ್ಲಿ ನೀನು ನನ್ನ ಕೈ ಹಿಡಿದೆ. ‘ಸುಮಿ, ನಿಮ್ಮಣ್ಣಗ ಹೇಳವ್ವ. ನನ್ನ ಬಾಯಿ ಸಲುವಾಗಿ ಆತನ ಮ್ಯಾಲೂ ಕೆಟ್ಟ ಹೆಸರು ಬಂತು. ನನಗ ಭಾಳ ಕೆಟ್ಟನಸ್ತೈತಿ.’

ನಾನು ‘ಇರ್ಲಿ ಬಿಡಕ್ಕ’ ಎಂದೆ.

ಇರಲಿ ಬಿಡು — ಅದು ಕ್ಷಮಿಸುವವರ ಮಾತು. ನಾನು ನಿನ್ನನ್ನು ಕ್ಷಮಿಸಿದೆ, ಯಂಕಮ್ಮಕ್ಕ. ಸುಳ್ಳು ಹೇಳಿದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ತಿನ್ನುತ್ತದೆ. ನೀನು ಸಮಾಧಾನದಿಂದ ಕಿಟಕಿಗೆ ತಲೆ ಆನಿಸಿದೆ. ಸೇತುವೆ ಬಂದಾಗ ಸೆರಗನ್ನು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿದೆ. ನಾನು ಅದನ್ನೂ ಎಣಿಸಿದೆ.

ಮುಂದಿನ ಬೇಸಿಗೆಗೆ ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಕೊನೆಯ ಹಾಳೆಯನ್ನು ನಾನೇ ತುಂಬಿದೆ: ‘ಯಂಕಮ್ಮ. ಮೂವತ್ತೊಂದು ಭೇಟಿ. ಸುಧಾರಣೆ ಅಲ್ಪ. ಕಾರಣ ತಿಳಿಯದು.’ ಅಕ್ಷರ ದುಂಡಗಿದ್ದವು. ಅವರು ಸಹಿ ಮಾಡಿದರು.

ಈಗ ನಾನು ಮಸ್ಕಿಯ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ಕಳೆದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಹುಲಿಗೆಮ್ಮ ಸಿಕ್ಕಳು. ನಿನ್ನ ಸುದ್ದಿ ಕೇಳಿದೆ. ‘ಇದ್ದಂಗ ಅದಾಳ’ ಎಂದಳು. ಹಿಂದೊಮ್ಮೆ ನಿನ್ನ ಮಗಳಿಗೆ ಜ್ವರ ನೆತ್ತಿಗೇರಿ ಮೈ ಸೆಟೆದಾಗ, ಆಟೋದಲ್ಲಿ ಸಿಂಧನೂರಿಗೆ ಒಯ್ಯುವಾಗ, ಹುಲಿಗೆಮ್ಮ ನಿನ್ನ ಪಕ್ಕದಲ್ಲೇ ಇದ್ದಳಂತೆ. ‘ಆಟೋದವ ಬೀಡಿ ಹಚ್ಚಾಕ ನಿಂತ ನೋಡು. ನಾ ಬೈದೆ. ಆಕಿ ಮಾತ್ರ ಕೂಸಿನ ಮಾರಿ ನೋಡ್ಕೋತ ಕುಂತಾಳ — ಲಗೂ ನಡೀಪಾ ಅನ್ನಾಕ ಆಕಿಗೆ ಬಾಯಿ ಬರಲಿಲ್ಲ ಸುಮಿ.’ ಕೂಸು ಉಳಿಯಿತಂತೆ. ಹೋಗುವಾಗ ಹುಲಿಗೆಮ್ಮ ತಿರುಗಿ ನಿಂತು, ‘ಅಲ್ಲವ್ವಾ, ಅಷ್ಟೊಂದು ಬರಕೊಂತಿದ್ದೆಲ್ಲ. ಅದ್ರಾಗ ಆಕಿಗೆ ಬೇಕಾದದ್ದು ಒಂದರ ಇತ್ತೋ ಇಲ್ಲೋ?’ ಎಂದಳು. ಚೇಷ್ಟೆಗೆ ಕೇಳಿದ್ದು. ಹತ್ತಬೇಕಿದ್ದ ಬಸ್ಸನ್ನು ನಾನು ಹೋಗಗೊಟ್ಟೆ.

ಇತ್ತು. ಒಂದೇ ಒಂದು ಸಾಲು ಇತ್ತು.

ಮೊನ್ನೆ ಊರಿಗೆ ಹೋಗಿ ಅಣ್ಣನಿಗೆ ಹೇಳಿದೆ, ಇಬ್ಬರೂ ಹೋಗೋಣ ಎಂದು. ‘ಮುಗದದ್ದು ಯಾಕ ಎಬ್ಬಸ್ತೀಬೇ? ಆಕಿನೂ ಮರತಾಳ’ ಎಂದ. ಮರೆತಿಲ್ಲ ಎಂದೆ. ‘ನನಗ ಎರಡು ಮಕ್ಕಳವ ಸುಮಿ’ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಒಂದು ದಿನ ಹೆದರಿ ಸುಳ್ಳು ಹೇಳಿದ. ನಾನು ಹೆದರಿಕೆಯೆಲ್ಲ ಇಳಿದ ಮೇಲೂ, ನಿನ್ನ ಗಾಯ ಎಷ್ಟು ಆಳ ಎಂದು ವಾರವಾರ ಅಳೆಯುತ್ತ, ಅದು ಮಾಯದಂತೆ ನೋಡಿಕೊಂಡೆ.

ಈಗ ಹೇಳಿದರೆ ನೀನು ಸುಧಾರಿಸುತ್ತೀಯೇ — ಎಷ್ಟು ವಾರಕ್ಕೆ — ನನಗೆ ತಿಳಿಯದು. ಈ ಸಲ ‘ತಿಳಿಯದು’ ಎಂಬ ಮಾತು ನಿಜ. ಒಂಬತ್ತು ವರ್ಷ ಕೂತ ತಪ್ಪು, ಅದು ನಿನ್ನದಲ್ಲ ಎಂದ ಮಾತ್ರಕ್ಕೆ ಎದ್ದು ಹೋಗುತ್ತದೆಯೋ ಇಲ್ಲವೋ.

ನಿನಗೆ ಓದಲು ಬಾರದು. ಇದನ್ನು ಬರೆದು ಮುಗಿಸಿದರೆ ಹೇಳಿದಂತಾಗುವುದಿಲ್ಲ. ಭಾನುವಾರ ಬರುತ್ತೇನೆ, ಒಬ್ಬಳೇ. ನಿನ್ನ ಅತ್ತೆ ಕಟ್ಟೆಯ ಮೇಲೆ ಕುಳಿತಿರುವ ಹೊತ್ತಿಗೇ ಬರುತ್ತೇನೆ. ನೀನು ತಪ್ಪು ಒಪ್ಪಿಕೊಂಡದ್ದು ಆಕೆಯ ಮುಂದೆ, ಹಾಗಾಗಿ ಆಕೆಯೂ ಕೇಳಬೇಕು. ಒಳಗೆ ಕರೆಯಬೇಡ. ನೀರು ಕೊಡಬೇಡ. ಹೇಳಿ ಮುಗಿದ ಮೇಲೆ, ನೀನು ಹೋಗು ಅನ್ನುವವರೆಗೆ ಅಂಗಳದಲ್ಲೇ ನಿಂತಿರುತ್ತೇನೆ.