ಲಿಸ್ಬನ್ನಿನಲ್ಲಿ ದೊಡ್ಡವ್ವ ತಿಂದ ಗಿಣ್ಣ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಲ್ಲಿ ನಾವು ಹೋದ ಬೇಕರಿಯ ಗೋಡೆಗೆ ನೀಲಿ ಟೈಲ್ಸ್ ಇದ್ದವು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಲಿಸ್ಬನ್ನಿನ ಫೋಟೋಗಳಲ್ಲೆಲ್ಲ ನೀಲಿ ಟೈಲ್ಸೇ ಇರುವುದರಿಂದ, ನೆನಪು ಅದನ್ನು ಅಲ್ಲಿಂದ ಎತ್ತಿಕೊಂಡಿರಲೂ ಸಾಕು. ನನ್ನ ದಿನಚರಿಯಲ್ಲಿ ಗೋಡೆಯ ವಿಷಯವಿಲ್ಲ. ತಿಂದದ್ದರ ವಿಷಯವಿದೆ.

ನಾನು ಅಣ್ಣಿಗೇರಿಯಲ್ಲಿ ಕಾಲೇಜಿನಲ್ಲಿ ಕಲಿಸುತ್ತೇನೆ. ಪ್ರವಾಸಕ್ಕೆ ಜೊತೆಗೆ ಬಂದವಳು ನನ್ನ ತಾಯಿಯ ಅಕ್ಕ, ಶಲವಡಿಯಲ್ಲಿರುವ ದೊಡ್ಡವ್ವ, ಪ್ರಾಥಮಿಕ ಶಾಲೆಯಿಂದ ನಿವೃತ್ತಳಾದ ಶಿಕ್ಷಕಿ. ಹುಬ್ಬಳ್ಳಿಯಿಂದ ಹೊರಟ ಪ್ರವಾಸದ ತಂಡ ನಮ್ಮದು. ಅಡಿಗೆಯವನೊಬ್ಬ ಜೊತೆಗೇ ಇದ್ದ, ಎರಡು ಹೊತ್ತು ಅನ್ನ, ಸಾರು, ಪಲ್ಯ ಸಿಗುತ್ತಿತ್ತು. ದೊಡ್ಡವ್ವ ಏನನ್ನೇ ತಿನ್ನಲಿ, ಮೊದಲು ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಅದಕ್ಕೆ ತೋರಿಸಿಯೇ ಬಾಯಿಗಿಡುವವಳು. ಮೊಟ್ಟೆ, ಅವಳ ಮಾತಿನಲ್ಲಿ ತತ್ತಿ, ಅವಳ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಹಾಗಾಗಿ ಹೊರಗೆ ಏನು ಕೊಂಡರೂ ಮೊದಲು ವಿಚಾರಿಸುವ ಕೆಲಸ ನನ್ನದು. ಅವಳಿಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ಅಲ್ಲಿಯವರ ಮಾತು ಹಿಡಿಯುವುದಿಲ್ಲ. ನಾನು ಮೊಟ್ಟೆ ಇಲ್ಲ ಎಂದರೆ ಇಲ್ಲ.

ದಾರಿಯಲ್ಲಿ ಇಸ್ತಾಂಬುಲಿನಲ್ಲಿ ಒಂದು ದಿನ ಇದ್ದೆವು. ಅಲ್ಲಿಯ ಬಕ್ಲಾವಾ ತಿನ್ನಲೇಬೇಕಾದದ್ದು: ಕಾಗದದಂಥ ಹಾಳೆಗಳ ನಡುವೆ ಪಿಸ್ತಾ, ಮೇಲೆ ಪಾಕ. ಹಿಟ್ಟು, ಬೆಣ್ಣೆ, ಪಿಸ್ತಾ, ಸಕ್ಕರೆ ಎಂದು ಅಂಗಡಿಯವನು ಬೆರಳು ಮಡಚಿ ಲೆಕ್ಕ ಹೇಳಿದ. ಮೊಟ್ಟೆ ಇಲ್ಲ.

“ಚಿರೋಟಿ ಲೇ ಇದು,” ಎಂದಳು ದೊಡ್ಡವ್ವ. “ಪಾಕಾ ಅಗದಿ ಜಾಸ್ತಿ ಹಾಕ್ಯಾರ. ಬಾಳ ದಿನಾ ಇಡಾಕಿರಬೇಕು.”

ಲಿಸ್ಬನ್ನಿನಲ್ಲಿ ಮೂರನೇ ದಿನವೋ ಎರಡನೇ ದಿನವೋ ನಮ್ಮನ್ನು ಒಂದು ಹಳೆಯ ಬೇಕರಿಗೆ ಕರೆದೊಯ್ದರು. ಉದ್ದನೆಯ ಸಾಲು. ಅಂಗೈಯೊಳಗೆ ಕೂರುವಷ್ಟು ಚಿಕ್ಕ ಬಟ್ಟಲಿನಂಥ ಪದರದ ಹಿಟ್ಟು, ಅದರೊಳಗೆ ಹಳದಿ ಕೆನೆ, ಮೇಲೆ ಅಲ್ಲಲ್ಲಿ ಸುಟ್ಟ ಕಲೆ. ಸಾಲಿನಲ್ಲಿ ನಿಂತಾಗ ಗೈಡ್ ಹುಡುಗಿ ಅದರ ಕತೆ ಹೇಳಿದಳು. ಹಿಂದೆ ಅಲ್ಲಿಯ ಕ್ರೈಸ್ತ ಮಠಗಳಲ್ಲಿ ಸನ್ಯಾಸಿನಿಯರು ಬಟ್ಟೆಗೆ ಗಂಜಿ ಹಾಕಲು ಮೊಟ್ಟೆಯ ಬಿಳಿಯನ್ನು ಬಳಸುತ್ತಿದ್ದರಂತೆ. ಉಳಿದ ಹಳದಿಯಿಂದ ಇಂಥ ಸಿಹಿತಿಂಡಿಗಳು ಹುಟ್ಟಿದವಂತೆ.

ನಾನು ದೊಡ್ಡವ್ವನಿಗೆ ಹೇಳಿದ್ದು ಇಷ್ಟು: “ಮಠದಾಗ ಸನ್ಯಾಸಿನಿಯರು ಮಾಡ್ತಿದ್ದ ತಿನಿಸಂತ.”

“ಮಠದ್ದ?” ಎಂದಳು. “ಮತ್ತ ತತ್ತಿ ಎಲ್ಲಿಂದ ಬರ್ತೈತಿ? ಸುಮ್ನ ಕೇಳ್ಕೋತ ನಿಂದ್ರಬ್ಯಾಡ. ನಾಕು ತಗೋ.”

ನಮ್ಮ ಕಡೆ ಮಠದ ದಾಸೋಹದಲ್ಲಿ ಊಟಕ್ಕೆ ಕುಳಿತವರು ಇದರಲ್ಲಿ ಏನು ಹಾಕಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೆ ಅವಮಾನ. ಅವಳು ಲಿಸ್ಬನ್ನಿನ ಮಠಕ್ಕೂ ಅದೇ ಮರ್ಯಾದೆ ಕೊಟ್ಟಳು.

ನಾನು ಯಾಕೆ ಪೂರ್ತಿ ಹೇಳಲಿಲ್ಲ? ಕತೆಯ ಎರಡನೇ ಅರ್ಧ ಆಗ ಕಿವಿಗೆ ಬಿದ್ದಿರಲಿಲ್ಲ ಎಂದು ಬರೆಯಲು ಇಷ್ಟವಿದೆ. ಆದರೆ ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕುಳಿತು ಬರೆದ ಪುಟದಲ್ಲಿ ಗಂಜಿಯ ಮಾತೂ ಇದೆ, ಹಳದಿಯ ಮಾತೂ ಇದೆ. ಕೇಳಿಸಿತ್ತು. ಹಸಿವಾಗಿತ್ತೇ, ಸಾಲು ಬಿಟ್ಟು ಹೋಗಲು ಬೇಸರವೇ, ಅಥವಾ ಅವಳು ಇದನ್ನೊಮ್ಮೆ ತಿನ್ನಲಿ ಎಂದು ನಾನೇ ತೀರ್ಮಾನಿಸಿದೆನೇ? ಮೂರನೆಯದೇ ನಿಜವಾಗಿದ್ದರೆ ನನಗೆ ಆ ಹಕ್ಕು ಇರಲಿಲ್ಲ.

ದೊಡ್ಡವ್ವ ಹೊರಗಿನ ಕಟ್ಟೆಯ ಮೇಲೆ ಕುಳಿತು, ಲಿಂಗ ತೆಗೆದು, ತಿನಿಸನ್ನು ಅದಕ್ಕೆ ತೋರಿಸಿ ಕಣ್ಣು ಮುಚ್ಚಿದಳು. ಆಮೇಲೆ ಕಚ್ಚಿದಳು.

“ಗಿಣ್ಣ ಲೇ ಇದು,” ಎಂದಳು. “ಎಮ್ಮಿ ಈದ ಹೊಸದರಾಗ ನಮ್ಮವ್ವ ಮಾಡ್ತಿದ್ಲಲ್ಲ, ಅದ. ಮ್ಯಾಲ ಹೊತ್ತಿಸ್ಯಾರ. ಇವ್ರ ಸೊಸ್ತ್ಯಾರಿಗೆ ಒಲಿ ಮುಂದ ಕುಂದರಾಕ ಬ್ಯಾಸರೇನೋ.”

ಬಾಜೂಕ್ಕೆ ಕುಳಿತಿದ್ದವರು ಕುಂದಗೋಳದ ಒಬ್ಬ ಕಾಕಾ, ಬಟ್ಟೆ ಅಂಗಡಿಯವರು. ಅವರು ಸಾಲಿನ ಕಡೆ ಕೈ ಮಾಡಿದರು. “ಅಕ್ಕಾರ, ಇಷ್ಟು ಮಂದಿಗೆ ಗಿಣ್ಣ ಹಂಚಬೇಕಂದ್ರ ಈ ಊರಾಗ ದಿನಾ ಎಷ್ಟು ಎಮ್ಮಿ ಈಯಬೇಕ್ರಿ?”

ಎಲ್ಲರೂ ನಕ್ಕರು. ದೊಡ್ಡವ್ವನೂ ನಕ್ಕಳು. ನಕ್ಕ ಮೇಲೆ ಕೈಯಲ್ಲಿದ್ದ ಅರ್ಧ ತುಂಡನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದನ್ನೂ ತಿಂದಳು. ಲಿಂಗಕ್ಕೆ ತೋರಿಸಿದ್ದನ್ನು ಚೆಲ್ಲುವ ಹಾಗಿಲ್ಲ, ಅದು ಪ್ರಸಾದ. ಅವಳು ನೋಡಿದ್ದು ನಿಜ ಎಂದು ನನಗೆ ಖಾತ್ರಿಯಿದೆ. ಇಂಥ ಖಾತ್ರಿಗಳ ಮೇಲೆಯೇ ನನಗೆ ಸಂಶಯ ಹೆಚ್ಚು.

ಮರುದಿನ ಬೆಳಿಗ್ಗೆ ಅವಳ ಪೂಜೆ ಬೇಗ ಮುಗಿಯಲೇ ಇಲ್ಲ, ಬಸ್ಸು ನಮ್ಮಿಬ್ಬರಿಗಾಗಿ ಕಾಯಿತು. ಉಪ್ಪಿಟ್ಟು ಮುಟ್ಟಲಿಲ್ಲ. ಮಧ್ಯಾಹ್ನ ಊಟವನ್ನೂ ಮಾಡಲಿಲ್ಲ.

“ಯಾಕ್ರೀ ಅವ್ವಾರ, ನನ್ನ ಕೈ ಅಡಿಗಿ ಸಾಕಾತೇನ್ರಿ?” ಎಂದ ಅಡಿಗೆಯವನು.

“ಹೊಟ್ಟಿ ಬ್ಯಾಡ ಅಂತೈತಿ ತಮ್ಮಾ.”

ಬಸ್ಸಿನಲ್ಲಿ ನಾನು, “ದೊಡ್ಡವ್ವ, ನಿನ್ನಿ ತಿಂದದ್ದು ಐತಲ್ಲ...” ಎಂದು ಶುರು ಮಾಡಿದೆ.

“ಕಿಡಕಿ ತಗಿ, ಗಾಳಿ ಬರ್ಲಿ,” ಎಂದಳು. ಆ ಬಸ್ಸಿನ ಕಿಟಕಿಗಳು ತೆಗೆಯಲು ಬರುವಂಥವಲ್ಲ. ನಾನು ಗಾಜಿನ ಮೇಲೆ ಸುಮ್ಮನೆ ಕೈಯಾಡಿಸಿ ಕುಳಿತೆ. ಅವಳಿಗೆ ಗೊತ್ತಾಗಿದೆ, ಪ್ರಾಯಶ್ಚಿತ್ತಕ್ಕೆ ಉಪವಾಸ ಮಾಡುತ್ತಿದ್ದಾಳೆ ಎಂದುಕೊಂಡೆ.

ಹಾಗೆಂದುಕೊಂಡೇ ಇರಬಹುದಿತ್ತು. ಆದರೆ ಹೊರಡುವ ದಿನ ಅರ್ಧ ದಿನ ಬಿಡುವಿತ್ತು. ಎಲ್ಲಿಗೆ ಹೋಗೋಣ ಎಂದು ಕೇಳಿದೆ. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ, “ಆ ಅಂಗಡಿಗೆ ಹೋಗೂಣು ನಡಿ,” ಎಂದಳು.

ಸಾಲಿನಲ್ಲಿ ಅವಳೇ ಮುಂದೆ ನಿಂತಳು, ಬೆರಳು ತೋರಿಸಿ ತಾನೇ ಕೇಳಿ ತೆಗೆದುಕೊಂಡಳು. ಏನೇನು ಹಾಕಿದ್ದಾರೆ ಎಂದು ನನ್ನನ್ನು ಕೇಳಲಿಲ್ಲ. ನಾನು ನೀರು ತರಲು ಹೋದೆ. ಬರುವಷ್ಟರಲ್ಲಿ ಒಂದು ಮುಗಿದಿತ್ತು, ಎರಡನೆಯದರ ಮೇಲೆ ದಾಲ್ಚಿನ್ನಿ ಪುಡಿ ಉದುರಿಸುತ್ತಿದ್ದಳು. ಕರಡಿಗೆ ಸೆರಗಿನೊಳಗೇ ಇತ್ತು. ನಾನು ಬರುವ ಮೊದಲು ತೆಗೆದು, ತೋರಿಸಿ, ಮತ್ತೆ ಒಳಗಿಟ್ಟಿದ್ದಳೋ, ತೆಗೆದಿರಲೇ ಇಲ್ಲವೋ ನಾನು ಕಾಣೆ. ತೋರಿಸಿದ್ದರೆ ಅವಳಿಗೆ ಏನೂ ಗೊತ್ತಿರಲಿಲ್ಲ, ನನ್ನ ಮಾತು ನಂಬಿಯೇ ಎರಡನೇ ಸಲವೂ ವ್ರತ ಕೆಡಿಸಿಕೊಂಡಳು. ತೋರಿಸಿರದಿದ್ದರೆ ಎಲ್ಲವೂ ಗೊತ್ತಿದ್ದೇ, ಲಿಂಗಕ್ಕೆ ಮರೆಮಾಡಿ ತಿಂದಳು.

“ನೀನೂ ತಿನ್ನು,” ಎಂದಳು. “ಆರಿದ್ರ ರುಚಿ ಇರೂದಿಲ್ಲ.”

ಅದು ನಿಜ. ಹೋಗುವವರಿಗೆ ನಾನೂ ಅದನ್ನೇ ಹೇಳುತ್ತೇನೆ: ಬಿಸಿ ಇರುವಾಗಲೇ ತಿನ್ನಿ, ಡಬ್ಬಿಯಲ್ಲಿ ಊರಿಗೆ ತರಬೇಡಿ, ಸಂಜೆಯೊಳಗೆ ಪದರ ಮೆತ್ತಗಾಗುತ್ತದೆ. ಮೊಟ್ಟೆ ಇದೆ ಎಂಬುದನ್ನೂ ಈಗ ಮೊದಲೇ ಹೇಳುತ್ತೇನೆ.

ಊರಿಗೆ ಬಂದ ಮೇಲೆ ಮಾತನಾಡಿಸಲು ಬಂದವರಿಗೆಲ್ಲ ದೊಡ್ಡವ್ವ ಇಸ್ತಾಂಬುಲಿನ ಚಿರೋಟಿಯನ್ನು ಬಾಯಿ ತುಂಬ ವರ್ಣಿಸಿದಳು. ಲಿಸ್ಬನ್ ಹೆಂಗಿತ್ತು ಎಂದರೆ, “ದಿನ್ನಿ ಬಾಳ. ಮೊಣಕಾಲು ಹಿಡೀತಾವ,” ಎಂದಷ್ಟೇ.

ಹೋದ ತಿಂಗಳು ಶಲವಡಿಗೆ ಹೋದಾಗ ಅವಳು ಪಡಸಾಲೆಯಲ್ಲಿ ಕುಳಿತು ಕಡಲೆ ಹಸನು ಮಾಡುತ್ತಿದ್ದಳು. ನಾನೂ ಮೊರದ ಒಂದು ಕಡೆ ಕುಳಿತೆ.

“ಅವತ್ತು ಆ ಹುಡುಗಿ ಹೇಳಿದ್ದೆಲ್ಲಾ ನಿನಗ ಹೇಳ್ಲಿಲ್ಲ ನಾ,” ಎಂದೆ. “ಅದರಾಗ ತತ್ತಿ ಇತ್ತು. ನನಗ ಗೊತ್ತಿತ್ತು.”

“ಹೂಂ,” ಎಂದಳು. ಹರಳೊಂದನ್ನು ಆರಿಸಿ ಬಾಜೂಕ್ಕಿಟ್ಟಳು. ಸಿಟ್ಟಿನ ಹೂಂ ಅಲ್ಲ, ಗೊತ್ತಿತ್ತು ಎಂಬ ಹೂಂ ಕೂಡ ಅಲ್ಲ. ಹಾಗಾಗಿ ಇನ್ನೊಂದು ಮಾತು ಕೇಳಿದೆ. ಅವಳು ಕಡಲೆಯನ್ನು ಇನ್ನೊಮ್ಮೆ ಕೇರಿದಳು, ನಾನು ಸಂಜೆ ಬಸ್ಸಿಗೆ ಹೊರಟೆ. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಅದಕ್ಕೆ ಉತ್ತರ ಬಂದಿಲ್ಲ. ಕೇಳಿದ್ದು ಇಷ್ಟೇ:

“ಎರಡನೇ ಸಲ ಹೋದಾಗ, ನಾ ನೀರು ತರಾಕ ಹೋಗಿದ್ನಲ್ಲ, ಅವಾಗ ಲಿಂಗಕ್ಕ ತೋರಿಸಿ ತಿಂದಿಯೇನು ದೊಡ್ಡವ್ವ?”