ಟೈರ್ ಗಲ್ಲಿಯ ಜ್ವರ

ಹಲಸೂರಿನ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನಾನು ಗುತ್ತಿಗೆ ಮೇಲೆ ಡೇಟಾ ಎಂಟ್ರಿ ಕೆಲಸಕ್ಕಿದ್ದೆ. ಒಪಿಡಿಗೆ ಬಂದವರ ವಯಸ್ಸು, ವಿಳಾಸ, ಕಾಯಿಲೆಯನ್ನು ಚೀಟಿ ನೋಡಿ ಕಂಪ್ಯೂಟರಿಗೆ ಹಾಕುವುದು, ಯಾವ ಕಾಯಿಲೆಗೆ ಎಷ್ಟು ಜನ ಬಂದರೆಂದು ವಾರಕ್ಕೊಮ್ಮೆ ಮೇಲಿನವರಿಗೆ ಕಳಿಸುವುದು. ಮಳೆ ಹಿಡಿದರೆ ಜ್ವರ, ಚಳಿ ಬಿದ್ದರೆ ಕೆಮ್ಮು. ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ ಕೂತವಳಿಗೆ ಅದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ.

ಆ ವರ್ಷ ಮಾತ್ರ ಮುಂಗಾರು ಸರಿಯಾಗಿ ಶುರುವಾಗುವ ಮೊದಲೇ ಜ್ವರದವರು ಹೆಚ್ಚಾದರು. ಟೈಪ್ ಮಾಡುತ್ತಾ ಮಾಡುತ್ತಾ ಬೆರಳಿಗೇ ಗೊತ್ತಾಯಿತು: ಮತ್ತೆ ಮತ್ತೆ ಒಂದೇ ಗಲ್ಲಿ. ಹಿಂದಿನ ವರ್ಷದ ಅದೇ ವಾರಗಳನ್ನು ತೆಗೆದು ನೋಡಿದೆ. ಆಗ ಹೀಗಿರಲಿಲ್ಲ. ಡಾಕ್ಟರಮ್ಮನಿಗೆ ತೋರಿಸಿದೆ.

"ಅಲ್ಲೇನಿದೆ ರೀ?" ಎಂದರು.

ಆ ಗಲ್ಲಿಯ ಮನೆಮನೆ ಸುತ್ತುತ್ತಿದ್ದ ಆಶಾ ಕಾರ್ಯಕರ್ತೆ ಪಕ್ಕದಲ್ಲೇ ನಿಂತಿದ್ದಳು. ನನಗೆ ಗೆಳತಿ, ಮಧ್ಯಾಹ್ನದ ಊಟ ಇಬ್ಬರದೂ ಒಟ್ಟಿಗೆ. "ಹಳೇ ಟೈರ್ ಗೋಡೌನ್ ಮಾಡಿದಾನೆ ಮೇಡಂ ಒಬ್ಬ. ಮೇಲೆ ಶೀಟೂ ಇಲ್ಲ, ಟೈರ್ ತುಂಬಾ ನೀರು, ನೀರು ತುಂಬಾ ಸೊಳ್ಳೆಮರಿ. ನೋಡ್ತೀನಿ ಅಂದ್ರೆ ಒಳಗೇ ಬಿಡಲ್ಲ," ಎಂದಳು.

ಅಂದೇ ನಾನು ಪಾಲಿಕೆಗೆ ದೂರು ಬರೆದು ಕಳಿಸಿದೆ. ಗೋಡೌನಿಗೆ ನೋಟಿಸ್ ಹೋಯಿತು. ಮೂರನೆಯ ದಿನ ಬೆಳಿಗ್ಗೆ, ಒಪಿಡಿ ತುಂಬಿದ್ದಾಗ, ಗೋಡೌನಿನವನು ಬಂದ.

"ಯಾವಳೇ ಅದು ಕಂಪ್ಲೇಂಟ್ ಕೊಟ್ಟಿದ್ದು?"

ಕೊಟ್ಟವಳು ನಾನು. ನಾನು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದೆ. ಅವನಿಗೆ ಪರಿಚಯದ ಮುಖ ನನ್ನ ಮೇಜಿನ ಪಕ್ಕ ನಿಂತಿದ್ದ ಗೆಳತಿಯದು. ಜಡೆಗೆ ಕೈ ಹಾಕಿ, ಅವಳ ಹಣೆಯನ್ನು ನನ್ನ ಮೇಜಿನ ಅಂಚಿಗೆ ಚಚ್ಚಿದ. ಒಮ್ಮೆ ಅಲ್ಲ, ಎರಡು ಸಲ. ರಕ್ತ ಆ ದಿನದ ಚೀಟಿಗಳ ಮೇಲೆ ಹರಿಯಿತು. ಸಾಲಿನಲ್ಲಿದ್ದ ಗಂಡಸರು ಗೋಡೆಗೆ ಅಂಟಿಕೊಂಡರು. ಅವನು ಮೂರನೆಯ ಸಲ ಅವಳ ತಲೆ ಎಳೆದಾಗ ನಾನು ಸಲೈನ್ ಬಾಟಲಿ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡ್ ಎತ್ತಿಕೊಂಡು ಅವನ ಕೈಗೆ ಬೀಸಿದೆ. ಮೂಳೆ ಮುರಿದ ಸದ್ದು ಕೇಳಿಸಿತು. ಅವನು ಜಡೆ ಬಿಟ್ಟು ಕುಸಿದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬಿದ್ದವನ ಬೆನ್ನಿಗೆ, ತೊಡೆಗೆ ಹೊಡೆದೆ. ಜ್ವರದ ಮಗುವನ್ನು ಸೊಂಟದಲ್ಲಿಟ್ಟುಕೊಂಡಿದ್ದ ಅದೇ ಗಲ್ಲಿಯ ಹೆಂಗಸೊಬ್ಬಳು "ಬಿಡ್ಬೇಡಿ ಅಕ್ಕಾ, ಹಾಕಿ ಇನ್ನೂ!" ಎಂದು ಕಿರುಚಿದಳು. ಹೊಡೆಯುವುದು ನನಗೆ ಹಿತವಾಗಿತ್ತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಕೊನೆಗೆ ಡಾಕ್ಟರಮ್ಮ ಹಿಂದಿನಿಂದ ತಬ್ಬಿ ಹಿಡಿದು ಎಳೆದರು. ಆಮೇಲೆ ಗೆಳತಿಯ ಗಾಯಕ್ಕೂ ಅವನ ಗಾಯಕ್ಕೂ ಅವರೇ ಕೂತು ಮದ್ದು ಹಾಕಿದರು.

ಸ್ಟೇಷನ್ನಿನಲ್ಲಿ ಪೊಲೀಸರು ನನ್ನನ್ನೇ ನೋಡಿ ಹೇಳಿದರು: "ಅವ್ನ ಮೇಲೆ ಕೇಸ್ ಹಾಕಿದ್ರೆ ಅವ್ನೂ ಹಾಕ್ತಾನಮ್ಮ. ಕೈ ಮುರಿದಿದೀರ. ಕಾಂಪ್ರಮೈಸ್ ಮಾಡ್ಕೊಳ್ಳಿ."

"ನಾನು ಮಾಡ್ಕೊಳ್ಳಲ್ಲ," ಎಂದಳು ಗೆಳತಿ. ಹುಬ್ಬಿನ ಮೇಲೆ ಹೊಲಿಗೆ, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

ನನ್ನ ಗುತ್ತಿಗೆ ಆ ತಿಂಗಳೇ ಮುಗಿಯುವುದಿತ್ತು. ಕೇಸಾದರೆ ಮತ್ತೆ ಯಾರು ತೆಗೆದುಕೊಳ್ಳುತ್ತಾರೆ? ಹೊರಗೆ ಕರೆದುಕೊಂಡು ಹೋಗಿ ಅವಳ ಕೈ ಹಿಡಿದು ಬೇಡಿಕೊಂಡೆ. ಅವಳು ಕೈ ಬಿಡಿಸಿಕೊಂಡಳು. ಆಮೇಲೆ ಒಳಗೆ ಹೋಗಿ ಸಹಿ ಹಾಕಿದಳು.

ಟೈರುಗಳನ್ನು ಲಾರಿಯಲ್ಲಿ ಸಾಗಿಸಿದರು. ಕೆಲವು ವಾರಗಳಲ್ಲಿ ಆ ಗಲ್ಲಿಯ ಜ್ವರ ಇಳಿಯಿತು. ನಾನು ಹಿಗ್ಗಿದೆ. ಡಾಕ್ಟರಮ್ಮ ಮಾತ್ರ, "ಮಳೆನೂ ಬಿಡುವು ಕೊಟ್ಟಿದೆ ಅಲ್ವಾ? ಟೈರ್ ಹೋಗಿದ್ದಕ್ಕೇ ಅಂತ ಹೇಳೋಕಾಗಲ್ಲ," ಎಂದರು.

ನನ್ನ ಗುತ್ತಿಗೆ ಮುಂದುವರಿಯಿತು. ಗೆಳತಿ ತಿಂಗಳಾದ ಮೇಲೆ ಕೆಲಸಕ್ಕೆ ಬಂದಳು. ಊಟದ ಹೊತ್ತಿಗೆ ನಾನು ಡಬ್ಬಿ ತೆರೆದು ಕಾದೆ. ಅವಳು ಹೊರಗಿನ ಕಟ್ಟೆಯ ಮೇಲೆ ಒಬ್ಬಳೇ ಕೂತು ಉಂಡಳು.