ಜುಟ್ಟು ನಂಬದ ಚಿಕ್ಕಬೋರಮ್ಮ

ಹೊಸಹೊಳಲಿನ ಹೇಮಶ್ರೀ ಅವರ ಹಿತ್ತಲಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕೋಳಿಗೂಡಿನ ಬಾಗಿಲನ್ನು ಕೈ ತೂರುವಷ್ಟೇ ಸರಿಸಿ ಚಿಕ್ಕಬೋರಮ್ಮ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಒಂದೊಂದೇ ಕೋಳಿಯನ್ನು ಈಚೆ ತೆಗೆದು, ಕಂಕುಳಲ್ಲಿ ಇರುಕಿಕೊಂಡು, ಹಿತ್ತಲ ಬಲ್ಬಿನ ಬೆಳಕಿಗೆ ಬಾಲದ ಬುಡದ ಗರಿ ಬಿಡಿಸಿ ನೋಡುತ್ತಾರೆ. ಹೇಂಟೆಯಾದರೆ ಎಡಗಡೆಯ ಮಂಕರಿ ಬುಟ್ಟಿಯಡಿಗೆ, ಹುಂಜವಾದರೆ ಬಲಗಡೆಯದಕ್ಕೆ.

“ಬೆಳಕರುದ್ಮೇಲೆ ಬುಟ್ರೆ ಮುಗೀತು. ಅವು ಬೇಲಿ ಆರ್ತವೆ, ನಾವು ಬೇಲೀಲಿ ಬೀಳ್ತೀವಿ,” ಎನ್ನುತ್ತಾರೆ. ಅದಕ್ಕೇ ಹಿಂದಿನ ಸಂಜೆಯ ಬಸ್ಸಿಗೇ ಬಂದು ಉಳಿದಿದ್ದಾರೆ.

ನಾಲ್ಕು ತಿಂಗಳ ಹಿಂದೆ ಮೊಪೆಡ್ಡಿನಲ್ಲಿ ಮರಿ ಮಾರಿಕೊಂಡು ಬಂದವನು ಎಲ್ಲವೂ ಹೇಂಟೆಯೇ ಎಂದು ಹೇಳಿ ಹೇಮಶ್ರೀಗೆ ಹದಿನಾರು ಮಿಶ್ರತಳಿ ಮರಿ ಕೊಟ್ಟು ಹೋಗಿದ್ದ. ಬೀದಿಯ ಮೂರು ಮನೆಗೆ ಮೊಟ್ಟೆ ಕೊಡುತ್ತೇನೆಂದು ಮಾತು ಕೊಟ್ಟು ಕೂತವರು ಅವರು. ಈಗ ನೋಡಿದರೆ ಬಲಗಡೆಯ ಮಂಕರಿಗೆ ಏಳು ಸೇರಿವೆ. ಎಡಗಡೆ ಎಂಟು. ಉಳಿದದ್ದು ಒಂದು, ಎಲ್ಲಕ್ಕಿಂತ ದೊಡ್ಡ ಜುಟ್ಟಿನದು.

“ಅದೇನು ನೋಡ್ತೀಯ ಬೋರವ್ವ, ಪೇಟ ಸುತ್ತಿದಂಗದೆ ಜುಟ್ಟು! ಉಂಜ ಅಲ್ದೆ ಇನ್ನೇನು? ಭಾನುವಾರ ಬೀಗರು ಬತ್ತಾವ್ರೆ, ಸಾರಿಗೆ ಇದೇಯ,” ಎಂದು ಜಗುಲಿಯಿಂದಲೇ ತೀರ್ಪು ಕೊಡುತ್ತಾರೆ ಹೇಮಶ್ರೀ ಅವರ ಮಾವ ಮರಿಯಯ್ಯ.

ಚಿನಕುರಳಿಯ ಚಿಕ್ಕಬೋರಮ್ಮನಿಗೆ ಈಗ ಐವತ್ತೆಂಟು. ಅತ್ತೆ ಕಲಿಸಿದ್ದು ನಾಟಿ ಕೋಳಿಯ ಲಕ್ಷಣ. ಅದಕ್ಕೆ ಜುಟ್ಟು ನೋಡಿದರೆ ಸಾಕಿತ್ತು. ಆಮೇಲೆ ಗಿರಿರಾಜ ತಳಿ ಬಂತು, ಸ್ವರ್ಣಧಾರ ಬಂತು, ಹೆಸರೇ ಗೊತ್ತಿಲ್ಲದ ಬೆರಕೆಗಳು ಬಂದವು. ಹನ್ನೊಂದು ವರ್ಷದ ಹಿಂದೆ ಪಕ್ಕದ ಮನೆಯ ಚೆಲುವಮ್ಮ ಅಂಥದೇ ಒಂದು ಕೋಳಿ ತಂದು ಕೇಳಿದಾಗ, ಜುಟ್ಟು ನೋಡಿ ಹುಂಜವೆಂದುಬಿಟ್ಟರು.

“ಕುಯ್ದ್ರು ಕಣಪ್ಪ. ಒಟ್ಟೆ ಒಳಗೆ ಮೊಟ್ಟೆ ಗೊನೆ ಕಟ್ಟಿತ್ತು, ದ್ರಾಕ್ಷಿ ಇದ್ದಂಗೆ. ಚೆಲುವಮ್ಮ ಅದ್ರದ್ದೇ ಒಂದು ಬಟ್ಟಲು ಸಾರು ತಂದ್ಕೊಟ್ಲು. ಬೈದಿದ್ರೇ ಸಲೀಸಾಗಿರೋದು.”

ಆ ವರ್ಷದಿಂದ ತಮ್ಮ ಮರಿಗಳನ್ನೇ ಪಾಠ ಮಾಡಿಕೊಂಡರು. ಹುಂಜ ಎನಿಸಿದ್ದರ ಕಾಲಿಗೆ ಕೆಂಪು ದಾರ, ಹೇಂಟೆ ಎನಿಸಿದ್ದಕ್ಕೆ ಹಸಿರು. ಮೊಟ್ಟೆಯೋ ಕೂಗೋ, ಒಂದು ಬರುವ ತನಕ ದಾರ ಬಿಚ್ಚುತ್ತಿರಲಿಲ್ಲ. ಮೊದಲು ಹತ್ತಕ್ಕೆ ಮೂರು ತಪ್ಪಾಗುತ್ತಿದ್ದವು. ಈಗ ನೂರಕ್ಕೆ ಎರಡು. ವಾರಕ್ಕೆ ನಾಲ್ಕು ಬೆಳಗು, ಬೆಳಗಿಗೆ ನಲವತ್ತು ಐವತ್ತು ಕೋಳಿ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೂ ಕರೆ ಬರುತ್ತದೆ. “ಬಸ್ಸು ಫ್ರೀ ಆದ್ಮೇಲೆ ನಾಗಮಂಗಲಾನೂ ಪಕ್ಕದ ಕೇರಿನೇಯ,” ಎಂದು ನಗುತ್ತಾರೆ. ಪ್ರತಿಫಲ ಎಲೆಯಡಿಕೆ, ಒಂದು ಊಟ.

ಈಗ ಕೈಯಲ್ಲಿರುವ ಕೋಳಿಯ ಮುಖ ತಿರುಗಿಸಿ ಕಿವಿಯ ಬಳಿಯ ಬಿಳಿ ಮಚ್ಚೆ ತೋರಿಸುತ್ತಾರೆ. “ಇದ್ರಲ್ಲಿ ಬಿಳೀ ತಳಿ ಬೆರ್ತದೆ ಮರಿಯಣ್ಣ. ಅದ್ರಲ್ಲಿ ಏಂಟೆಗೂ ಇಂಗೇ ಜುಟ್ಟು. ಬಾಲದ ಬುಡ ನೋಡು. ಉಂಜಕ್ಕಾದ್ರೆ ಬತ್ತದ ಗರಿ ತುದಿಯಂಗೆ ಚೂಪಾಗಿರ್ತದೆ. ಇದು ಉಗುರಂಗೆ ದುಂಡುಗದೆ.”

“ನಾಳೆ ಕೂಗ್ಬುಟ್ರೆ?”

“ಕೂಗಿದ್ರೆ ನಮ್ಮನೆ ಉಂಜ ತಂದು, ನಿಮ್ಮನೇಲೇ ಕುಯ್ದು, ನಾನೇ ಸಾರು ಮಾಡಿಕ್ತೀನಿ ಬುಡು.”

ಕೋಳಿ ಎಡಗಡೆಯ ಮಂಕರಿ ಸೇರುತ್ತದೆ. ಸೆರಗು ಕೊಡವಿ ಏಳುತ್ತ ಹೇಮಶ್ರೀಗೆ ಹೇಳುತ್ತಾರೆ: “ಮಗ, ಕೂಗಿದ್ರೆ ಮಾತ್ರ ಫೋನ್ ಮಾಡು.”

ಭಾನುವಾರದ ಸಾರಿಗೆ ಬಲಗಡೆಯದೇ ಒಂದು ಹೋಗುತ್ತದೆ. ಇಪ್ಪತ್ತನಾಲ್ಕನೆಯ ದಿನ ಚಿನಕುರಳಿಯಲ್ಲಿ ರಾಗಿ ಕೇರುತ್ತಿದ್ದ ಚಿಕ್ಕಬೋರಮ್ಮನ ಫೋನು ಬಡಿದುಕೊಳ್ಳುತ್ತದೆ. ಹೆಸರು ನೋಡಿ ಮೊರ ಕೆಳಗಿಡುತ್ತಾರೆ.

“ಏನವ್ವ, ಕೂಗ್ತಾ?”

“ಇಲ್ಲ ದೊಡ್ಡವ್ವ, ಮೊಟ್ಟೆ ಇಕ್ತು! ಮಾವ ಅಂಗೈಲಿಟ್ಕೊಂಡು ಬೀದಿಗೆಲ್ಲ ತೋರಿಸ್ತಾವ್ರೆ.”

“ಅದ್ಕ್ಯಾಕವ್ವ ಫೋನು?” ಎಂದು ಚಿಕ್ಕಬೋರಮ್ಮ ಮೊರ ಎತ್ತಿಕೊಳ್ಳುತ್ತಾರೆ. “ಕೂಗಿದ್ರೆ ಮಾತ್ರ ಅಂದಿದ್ನಲ್ಲ.”